ಆ್ಯಪ್‌ಗಳನ್ನೆಲ್ಲ ಸ್ವೈಪ್ ಮಾಡಿ ತೆಗೆದರೆ ಫೋನ್ ವೇಗವಾಗುತ್ತದೆಯೇ?

‘ಜೋಗಿಮಟ್ಟಿ ಹತ್ತಿದ ಮೇಲೆ ಫೋನ್ ಬಿಸಿಯಾಗಿ ನಿಧಾನವಾಯಿತೇ? ತೆರೆದಿರುವ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿ, ಈ ಕ್ಲೀನರ್ ಹಾಕಿಕೊಳ್ಳಿ.’ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಬಹುಮಟ್ಟಿಗೆ ತಪ್ಪು.

ಆ ಪಟ್ಟಿಯಲ್ಲಿ ಕಾಣುವ ಹೆಚ್ಚಿನ ಆ್ಯಪ್‌ಗಳು ಓಡುತ್ತಿರುವುದಿಲ್ಲ, ಮೆಮೊರಿಯಲ್ಲಿ ಸುಮ್ಮನೆ ಕುಳಿತಿರುತ್ತವೆ. ಜಾಗ ಸಾಲದಾದಾಗ ಆಪರೇಟಿಂಗ್ ಸಿಸ್ಟಮ್ ತಾನೇ ಅವನ್ನು ಹೊರಗೆ ಕಳಿಸುತ್ತದೆ. ನೀವು ತೆಗೆದರೆ ಮುಂದಿನ ಸಲ ಮೊದಲಿನಿಂದ ಲೋಡ್ ಆಗಬೇಕು. ಹ್ಯಾಂಗ್ ಆದ ಆ್ಯಪ್ ಇದ್ದರೆ ಮಾತ್ರ ಧಾರಾಳವಾಗಿ ತೆಗೆಯಿರಿ.

ಹಾಗಾದರೆ ಫೋನ್ ತಡವರಿಸುವುದೇಕೆ? ಪ್ರೊಸೆಸರ್ ಹಾಡು, ಮ್ಯಾಪ್, ವಾಟ್ಸ್‌ಆ್ಯಪ್‌ಗಳ ನಡುವೆ ಕಣ್ಣಿಗೆ ಕಾಣದ ವೇಗದಲ್ಲಿ ಓಡಾಡುತ್ತಿರುತ್ತದೆ. ಅದಕ್ಕೇ ಎಲ್ಲವೂ ಒಟ್ಟಿಗೆ ನಡೆದಂತೆ ಕಾಣುವುದು. ಈ ನಡುವೆ ಟಚ್‌ಸ್ಕ್ರೀನ್, ಕ್ಯಾಮೆರಾ, ಮೋಡೆಮ್‌ಗಳು ‘ಇಲ್ಲಿ ನೋಡು’ ಎಂದು ಬಾಗಿಲು ತಟ್ಟುತ್ತವೆ. ಅದೇ ಇಂಟರಪ್ಟ್. ತಟ್ಟಿದ ಕೂಡಲೇ ಪ್ರೊಸೆಸರ್ ಕೈಲಿದ್ದ ಕೆಲಸಕ್ಕೆ ಗುರುತಿಟ್ಟು, ಆ ಸಾಧನದ ಡ್ರೈವರ್ ಎಂಬ ತಂತ್ರಾಂಶವನ್ನು ಓಡಿಸುತ್ತದೆ. ಒಳ್ಳೆಯ ಡ್ರೈವರ್ ಸುದ್ದಿ ಇಸಕೊಂಡು, ಉಳಿದದ್ದನ್ನು ಆಮೇಲಕ್ಕೆ ಇಟ್ಟು ತಕ್ಷಣ ಮರಳುತ್ತದೆ. ಕೆಟ್ಟದ್ದು ಬಾಗಿಲಲ್ಲೇ ಹರಟೆಗೆ ನಿಲ್ಲುತ್ತದೆ. ಆಗ ಹಾಡು ಮುಗ್ಗರಿಸುತ್ತದೆ, ಕೀಬೋರ್ಡ್ ಬೆರಳಿಗಿಂತ ಹಿಂದೆ ಬೀಳುತ್ತದೆ. ಆಂಡ್ರಾಯ್ಡ್‌ನಲ್ಲಿ ಬಹಳಷ್ಟು ಡ್ರೈವರ್‌ಗಳು ಕರ್ನಲ್ ಒಳಗೇ ಇರುವುದರಿಂದ, ಒಂದು ಎಡವಿದರೆ ಇಡೀ ಫೋನೇ ರೀಸ್ಟಾರ್ಟ್ ಆಗಬಹುದು.

1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುತ್ತಿದ್ದಾಗ ಕಂಪ್ಯೂಟರ್ 1202 ಎಂಬ ಎಚ್ಚರಿಕೆ ಕೊಟ್ಟಿತು. ಆ ಹೊತ್ತಿಗೆ ಬೇಡವಾಗಿದ್ದ ರಡಾರೊಂದರ ಸಂಕೇತಗಳು ಅದರ ಸಮಯದ ಸುಮಾರು ಶೇ. 13ರಷ್ಟನ್ನು ನುಂಗುತ್ತಿದ್ದವು. (ನಿಖರವಾಗಿ ಹೇಳುವುದಾದರೆ ಅವು ಇಂಟರಪ್ಟ್ ಅಲ್ಲ, ಅದರ ದಾಯಾದಿ.) ಕಡಿಮೆ ಮುಖ್ಯವಾದ ಕೆಲಸಗಳನ್ನು ಕೈಬಿಟ್ಟು, ನೌಕೆ ಇಳಿಸುವುದನ್ನಷ್ಟೇ ಹಿಡಿದುಕೊಳ್ಳುವಂತೆ ತಂತ್ರಾಂಶ ಬರೆದಿದ್ದರಿಂದ ಗಗನಯಾತ್ರಿಗಳು ಸುರಕ್ಷಿತವಾಗಿ ಇಳಿದರು.

ಕಾಡುಬೆಟ್ಟದ ಮೇಲೆ ಚಂದ್ರನಷ್ಟು ಕಷ್ಟವಿಲ್ಲ. ಸಿಗ್ನಲ್ ಕ್ಷೀಣವಾದಲ್ಲಿ ಮೋಡೆಮ್ ಮತ್ತೆ ಮತ್ತೆ ಟವರ್ ಹುಡುಕುತ್ತದೆ, ಹೆಚ್ಚು ವಿದ್ಯುತ್ ಎಳೆಯುತ್ತದೆ. ಜತೆಗೆ ವಿಡಿಯೊ, ಜಿಪಿಎಸ್. ಫೋನ್ ಬಿಸಿಯೇರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನೆರಳಿಗೆ ಬನ್ನಿ, ಸ್ವಲ್ಪ ಹೊತ್ತು ಏರ್‌ಪ್ಲೇನ್ ಮೋಡ್ ಹಾಕಿ. ಮನೆಯಿಂದ ತುರ್ತು ಕರೆ ಬರುವಂತಿದ್ದರೆ ಮಾತ್ರ ಬೇಡ. ಸಿಸ್ಟಮ್ ಅಪ್‌ಡೇಟ್ ಬಂದರೆ ಮುಂದೂಡಬೇಡಿ, ಡ್ರೈವರ್‌ಗಳ ದುರಸ್ತಿ ಅದರಲ್ಲೇ ಬರುತ್ತದೆ.

ಆ ಕ್ಲೀನರ್ ಲಿಂಕ್ ಮಾತ್ರ ಮುಟ್ಟಬೇಡಿ. ಅಂಥ ಆ್ಯಪ್‌ಗಳು ತಾವೇ ಹಿನ್ನೆಲೆಯಲ್ಲಿ ಓಡುತ್ತವೆ. ಕೆಲವು ಫೋನ್‌ಗಳಲ್ಲಿ ಸ್ವೈಪ್ ಮಾಡಿ ತೆಗೆದ ಮಾತ್ರೆ ನೆನಪಿಸುವ ಆ್ಯಪ್ ಮರುದಿನ ಬೆಳಿಗ್ಗೆ ಸದ್ದು ಮಾಡದೆಯೂ ಇರಬಹುದು. ಅಪ್ಪ ಅಮ್ಮನ ಫೋನಿನಲ್ಲಿ ಅಂಥದ್ದಿದ್ದರೆ ಒಮ್ಮೆ ನೋಡಿ.