ಗಲಾಪಗೋಸ್ ದ್ವೀಪಯಾನ: ಹದಿನಾರು ಮಂದಿಯ ನಿಯಮ

ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ಎರಡೂ ಬದಿಗೆ ಹರಡಿಕೊಂಡಿರುವ ಜ್ವಾಲಾಮುಖಿ ದ್ವೀಪಗಳ ಸಮೂಹವೇ ಗಲಾಪಗೋಸ್. ಇಲ್ಲಿ 13 ದೊಡ್ಡ ದ್ವೀಪಗಳೂ ಅನೇಕ ಕಿರುದ್ವೀಪಗಳೂ ಇವೆ. ಊರುಗಳಿರುವುದು ಸಾಂತಾ ಕ್ರೂಸ್, ಸಾನ್ ಕ್ರಿಸ್ಟೋಬಲ್, ಇಸಬೆಲಾ ಮತ್ತು ಫ್ಲೋರಿಯಾನಾ ಎಂಬ ನಾಲ್ಕು ದ್ವೀಪಗಳಲ್ಲಿ ಮಾತ್ರ. ದೂರದ ನಿರ್ಜನ ದ್ವೀಪಗಳನ್ನು ನೋಡಬೇಕೆನ್ನುವವರಿಗೆ ದೋಣಿಯೇ ಗತಿ. ಹದಿನಾರು ಪ್ರಯಾಣಿಕರನ್ನು ಹೊತ್ತು ನಾಲ್ಕರಿಂದ ಹದಿನೈದು ದಿನಗಳ ಕಾಲ ದ್ವೀಪದಿಂದ ದ್ವೀಪಕ್ಕೆ ಸಾಗುವ ಸಣ್ಣ ಹಡಗುಗಳು ಇಲ್ಲಿನ ಪ್ರವಾಸೋದ್ಯಮದ ಮುಖ್ಯ ಗುರುತಾಗಿವೆ.

ಹಿನ್ನೆಲೆ

'ಗಲಾಪಗೋ' ಎಂಬುದು ಆಮೆಯನ್ನು ಸೂಚಿಸುವ ಸ್ಪ್ಯಾನಿಷ್ ಪದ. 1535ರಲ್ಲಿ ಪನಾಮಾದ ಬಿಷಪ್ ತೋಮಾಸ್ ದೆ ಬೆರ್ಲಾಂಗಾ ಅವರ ಹಡಗು ದಾರಿ ತಪ್ಪಿ ಇಲ್ಲಿಗೆ ಬಂದಾಗ ಈ ದ್ವೀಪಗಳು ಹೊರಜಗತ್ತಿಗೆ ತಿಳಿದವು. ಅನಂತರದ ಶತಮಾನಗಳಲ್ಲಿ ಕಡಲ್ಗಳ್ಳರು ಮತ್ತು ತಿಮಿಂಗಿಲ ಬೇಟೆಗಾರರು ದೈತ್ಯ ಆಮೆಗಳನ್ನು ಜೀವಂತವಾಗಿಯೇ ಹಡಗಿಗೆ ತುಂಬಿಕೊಂಡು ಹೋದರು. ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಗುಣವೇ ಆಮೆಗೆ ಮುಳುವಾಯಿತು. ಈಕ್ವೆಡಾರ್ 1832ರಲ್ಲಿ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. 1835ರಲ್ಲಿ 'ಬೀಗಲ್' ಹಡಗಿನಲ್ಲಿ ಬಂದ ಚಾರ್ಲ್ಸ್ ಡಾರ್ವಿನ್ ಸುಮಾರು ಐದು ವಾರ ಇಲ್ಲಿದ್ದು, ನಾಲ್ಕು ದ್ವೀಪಗಳಲ್ಲಿ ಇಳಿದು ಜೀವಿಗಳ ಮಾದರಿಗಳನ್ನು ಸಂಗ್ರಹಿಸಿದರು. ಜೀವವಿಕಾಸ ಸಿದ್ಧಾಂತಕ್ಕೆ ಈ ಸಂಗ್ರಹ ಇಂಬು ನೀಡಿತು.

1959ರಲ್ಲಿ ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಒಟ್ಟು ಭೂಭಾಗದ ಶೇ. 97ರಷ್ಟು ಇದರ ವ್ಯಾಪ್ತಿಗೆ ಸೇರಿದೆ. 1978ರಲ್ಲಿ ಯುನೆಸ್ಕೊ ಪ್ರಕಟಿಸಿದ ವಿಶ್ವ ಪರಂಪರೆಯ ಮೊದಲ ಪಟ್ಟಿಯ 12 ತಾಣಗಳಲ್ಲಿ ಗಲಾಪಗೋಸ್ ಕೂಡ ಒಂದು. ಸುತ್ತಲಿನ ಕಡಲು 1998ರಲ್ಲಿ ಸಂರಕ್ಷಿತ ಪ್ರದೇಶವಾಯಿತು.

ನಿಯಮಗಳ ಚೌಕಟ್ಟು

ಸಣ್ಣ ತಂಡದ ಯಾನ ಇಲ್ಲಿ ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಉದ್ಯಾನದ ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ನಿರ್ಜನ ದ್ವೀಪಗಳಲ್ಲಿ ಕಾಲಿಡುವಂತಿಲ್ಲ. ಒಬ್ಬ ಮಾರ್ಗದರ್ಶಕರ ಹಿಂದೆ ಸಾಗಬಹುದಾದವರ ಗರಿಷ್ಠ ಸಂಖ್ಯೆ 16. ಹೆಚ್ಚಿನ ಸಣ್ಣ ಹಡಗುಗಳು ಅಷ್ಟೇ ಮಂದಿಗೆ ಸ್ಥಳಾವಕಾಶ ಹೊಂದಿರುವುದರ ಹಿಂದಿನ ಲೆಕ್ಕಾಚಾರವೂ ಇದೇ. ನೂರು ಮಂದಿಯನ್ನು ಒಯ್ಯುವ ದೊಡ್ಡ ಹಡಗುಗಳೂ ಪ್ರವಾಸಿಗರನ್ನು ಇಂತಹ ತಂಡಗಳಾಗಿ ವಿಂಗಡಿಸಿಯೇ ದಡಕ್ಕೆ ಇಳಿಸಬೇಕು.

ಹಡಗು ಎಲ್ಲಿಗೆ, ಯಾವ ದಿನ ಹೋಗಬೇಕೆಂಬುದನ್ನು ನಿರ್ಧರಿಸುವುದು ಉದ್ಯಾನದ ಆಡಳಿತವೇ ಹೊರತು ನಾವಿಕನಲ್ಲ. 2012ರಿಂದ ಜಾರಿಯಲ್ಲಿರುವ ವ್ಯವಸ್ಥೆಯ ಪ್ರಕಾರ ಒಂದೇ ಹಡಗು 14 ದಿನಗಳೊಳಗೆ ಅದೇ ತಾಣಕ್ಕೆ ಮರಳುವಂತಿಲ್ಲ. ಆದ್ದರಿಂದ ಎಂಟು ದಿನಗಳ ಯಾನದಲ್ಲಿ ಎಲ್ಲ ದ್ವೀಪಗಳನ್ನೂ ನೋಡುವುದು ಅಸಾಧ್ಯ. ಗುರುತು ಮಾಡಿದ ಕಾಲುದಾರಿ ಬಿಟ್ಟು ಕದಲಬಾರದು, ಪ್ರಾಣಿಗಳಿಂದ ಎರಡು ಮೀಟರ್ ಅಂತರ ಕಾಯ್ದುಕೊಳ್ಳಬೇಕು, ಕಲ್ಲು, ಚಿಪ್ಪು ಯಾವುದನ್ನೂ ಒಯ್ಯಬಾರದು ಎಂಬುವು ಇತರ ಕಟ್ಟಳೆಗಳು.

ಹಡಗಿನ ದಿನಚರಿ

ಹಡಗುಗಳು ಬಹುತೇಕ ರಾತ್ರಿ ವೇಳೆ ಸಂಚರಿಸುತ್ತವೆ. ಹೀಗಾಗಿ ಬೆಳಗಾಗುವಾಗ ಹೊಸ ದ್ವೀಪವೊಂದು ಎದುರಿಗಿರುತ್ತದೆ. ಹಡಗಿನಿಂದ ದಡಕ್ಕೆ 'ಪಾಂಗಾ' ಎಂಬ ಪುಟ್ಟ ಮೋಟಾರು ದೋಣಿಯಲ್ಲಿ ಹೋಗಬೇಕು. ಬಂಡೆ ಅಥವಾ ಕಟ್ಟೆಯ ಮೇಲೆ ಕಾಲಿಡುವುದು 'ಒಣ ಇಳಿತ'. ಮೊಣಕಾಲುದ್ದದ ನೀರಿಗೆ ಇಳಿದು ನಡೆಯುವುದು 'ಒದ್ದೆ ಇಳಿತ'. ಬೆಳಗ್ಗೆ ಮತ್ತು ಮಧ್ಯಾಹ್ನ ಒಂದೊಂದು ನಡಿಗೆ, ನಡುವೆ ಉಸಿರುನಳಿಗೆ ಕಟ್ಟಿಕೊಂಡು ಈಜು, ರಾತ್ರಿ ಮರುದಿನದ ತಾಣದ ವಿವರಣೆ ಎಂಬುದು ಸಾಮಾನ್ಯ ಕ್ರಮ. ಸಂಜೆ ಆರರ ವೇಳೆಗೆ ದ್ವೀಪ ಬಿಡಬೇಕು.

ಮನುಷ್ಯನ ಭಯವನ್ನೇ ಅರಿಯದ ಜೀವಿಗಳು ಇಲ್ಲಿನ ವಿಶೇಷ. ಕಡಲಲ್ಲಿ ಮುಳುಗಿ ಪಾಚಿ ಮೇಯುವ ಏಕೈಕ ಹಲ್ಲಿಯಾದ ಕಡಲ ಇಗ್ವಾನಾ, ಭೂಮಧ್ಯರೇಖೆಯ ಉತ್ತರಕ್ಕೂ ನೆಲೆಸಿರುವ ಏಕೈಕ ಪೆಂಗ್ವಿನ್, ಹಾರಲಾರದ ನೀರುಕಾಗೆ ಇವುಗಳಲ್ಲಿ ಪ್ರಮುಖ. ನೀರುಕಾಗೆ ಕಾಣಸಿಗುವುದು ಫರ್ನಾಂಡಿನಾ ಮತ್ತು ಇಸಬೆಲಾದ ತೀರಗಳಲ್ಲಿ ಮಾತ್ರ. ಎಸ್ಪನ್ಯೋಲಾ ದ್ವೀಪಕ್ಕೆ ಆಲ್ಬಟ್ರಾಸ್ ಹಕ್ಕಿಗಳು ಏಪ್ರಿಲ್‌ನಲ್ಲಿ ಬಂದು ಡಿಸೆಂಬರ್ ಹೊತ್ತಿಗೆ ತೆರಳುತ್ತವೆ. ನೋಡಬೇಕಾದ ಜೀವಿ ಯಾವುದೆಂದು ಮೊದಲೇ ನಿಶ್ಚಯಿಸಿ ಮಾರ್ಗ ಆಯ್ದುಕೊಳ್ಳುವುದು ಜಾಣತನ.

ಜನವರಿಯಿಂದ ಮೇವರೆಗೆ ಬಿಸಿಲು ಹಾಗೂ ಆಗಾಗ ಮಳೆ. ಕಡಲು ಶಾಂತ, ನೀರು ಬೆಚ್ಚಗೆ. ಜೂನ್‌ನಿಂದ ಹಂಬೋಲ್ಟ್ ಶೀತ ಪ್ರವಾಹದ ಪ್ರಭಾವ ಹೆಚ್ಚುತ್ತದೆ. ಆಗ ತುಂತುರು, ತಣ್ಣೀರು ಮತ್ತು ಅಲೆಗಳ ಅಬ್ಬರ ಇದ್ದರೂ ಮೀನು ಹೇರಳವಾಗಿರುವುದರಿಂದ ಕಡಲಹಕ್ಕಿಗಳ ಚಟುವಟಿಕೆ ಹೆಚ್ಚು. ಸಣ್ಣ ಹಡಗು ಹೆಚ್ಚು ಓಲಾಡುತ್ತದೆ. ವಾಂತಿ, ತಲೆಸುತ್ತಿನ ಭಯವಿರುವವರಿಗೆ ಅವಳಿ ಒಡಲಿನ ಕ್ಯಾಟಮರಾನ್ ಮಾದರಿಯ ಹಡಗು ಮತ್ತು ಕೆಳ ಅಂತಸ್ತಿನ ನಡುಭಾಗದ ಕೋಣೆ ಸೂಕ್ತ.

ಅಪಾಯದ ಅಂಚು

ಇಷ್ಟೊಂದು ಕಟ್ಟುಪಾಡುಗಳಿಗೆ ಕಾರಣವಿದೆ. 2001ರ ಜನವರಿಯಲ್ಲಿ 'ಜೆಸಿಕಾ' ಎಂಬ ತೈಲ ಹಡಗು ಸಾನ್ ಕ್ರಿಸ್ಟೋಬಲ್ ಬಳಿ ನೆಲಕಚ್ಚಿ ಇಂಧನ ಸೋರಿತು. ಅದರಲ್ಲಿದ್ದ ಇಂಧನದ ಒಂದು ಭಾಗ ಪ್ರವಾಸಿ ಹಡಗಿಗೆಂದೇ ತಂದದ್ದಾಗಿತ್ತು. ತೈಲದ ಅಲ್ಪಾಂಶ ಮಾತ್ರ ತಲುಪಿದ್ದ ಸಾಂತಾ ಫೆ ದ್ವೀಪದಲ್ಲಿ ವರ್ಷದೊಳಗೆ ಶೇ. 62ರಷ್ಟು ಕಡಲ ಇಗ್ವಾನಾಗಳು ಸತ್ತವೆಂದು 2002ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಿಂದೆ ನಾವಿಕರು ಮತ್ತು ವಲಸಿಗರು ತಂದುಬಿಟ್ಟ ಮೇಕೆಗಳು ಆಮೆಗಳ ಮೇವನ್ನೇ ಬರಿದು ಮಾಡಿದ್ದವು. 1997ರಿಂದ 2006ರವರೆಗೆ ನಡೆದ ಕಾರ್ಯಾಚರಣೆಯಲ್ಲಿ ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ಕೊಲ್ಲಬೇಕಾಯಿತು. ಪ್ರಯಾಣಿಕರ ಚೀಲದಲ್ಲಿ ಹಣ್ಣು, ಬೀಜಗಳಿವೆಯೇ ಎಂದು ವಿಮಾನ ನಿಲ್ದಾಣದಲ್ಲಿ ಶೋಧಿಸುವುದು ಇದೇ ಅನುಭವದಿಂದ.

2007ರಲ್ಲಿ ಯುನೆಸ್ಕೊ ಈ ದ್ವೀಪಗಳನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ, 2010ರಲ್ಲಿ ಕೈಬಿಟ್ಟಿತು. ಆದರೆ ಒತ್ತಡ ತಗ್ಗಿಲ್ಲ. 1990ರ ಸುಮಾರಿಗೆ ವರ್ಷಕ್ಕೆ 40 ಸಾವಿರದಷ್ಟಿದ್ದ ಪ್ರವಾಸಿಗರ ಸಂಖ್ಯೆ 2023ರಲ್ಲಿ 3 ಲಕ್ಷ ದಾಟಿತು. ಹಡಗುಗಳ ಹಾಸಿಗೆ ಸಂಖ್ಯೆಗೆ ಮಿತಿ ಇರುವುದರಿಂದ ಈ ಹೆಚ್ಚಳ ಬಹುಪಾಲು ದ್ವೀಪದ ಊರುಗಳಲ್ಲಿ ತಂಗುವವರದು. ಊರು ಬೆಳೆದಷ್ಟೂ ಕುಡಿಯುವ ನೀರು, ಕಸ, ಸರಕು ಸಾಗಣೆಯ ಸಮಸ್ಯೆಗಳೂ ಬೆಳೆಯುತ್ತವೆ. ಹಾಗೆಂದು ದ್ವೀಪದ ಬಡ ಕುಟುಂಬಗಳು ಪ್ರವಾಸಿಗರಿಗೆ ಬೆನ್ನು ತಿರುಗಿಸುವಂತಿಲ್ಲ. ಉದ್ಯಾನದ ರಕ್ಷಣೆಗೂ ಪ್ರವೇಶ ಶುಲ್ಕದ ಹಣ ಬೇಕು. ಪ್ರವಾಸೋದ್ಯಮವನ್ನು ಮಿತಿಯಲ್ಲಿಟ್ಟು ಉಳಿಸಿಕೊಳ್ಳುವುದು ಹೇಗೆಂಬುದೇ ಇಲ್ಲಿನ ನಿತ್ಯದ ಪ್ರಶ್ನೆ.

ಭಾರತೀಯ ಪ್ರಯಾಣಿಕರಿಗೆ

ಭಾರತದಿಂದ ಈಕ್ವೆಡಾರ್‌ಗೆ ನೇರ ವಿಮಾನವಿಲ್ಲ. ಕ್ವಿಟೊ ಅಥವಾ ಗ್ವಾಯಾಕಿಲ್ ತಲುಪಿ, ಅಲ್ಲಿಂದ ಬಾಲ್ಟ್ರಾ ಇಲ್ಲವೇ ಸಾನ್ ಕ್ರಿಸ್ಟೋಬಲ್ ನಿಲ್ದಾಣಕ್ಕೆ ಹಾರಬೇಕು. 2019ರ ಆಗಸ್ಟ್‌ನಿಂದ ಭಾರತೀಯರು ಮುಂಚಿತವಾಗಿ ವೀಸಾ ಪಡೆಯುವುದು ಕಡ್ಡಾಯವಾಗಿದೆ. ವಿದೇಶಿ ವಯಸ್ಕರ ಉದ್ಯಾನ ಪ್ರವೇಶ ಶುಲ್ಕ 2024ರ ಆಗಸ್ಟ್ 1ರಿಂದ 100 ಡಾಲರ್‌ನಿಂದ 200 ಡಾಲರ್‌ಗೆ ಏರಿದೆ. ಇದು ಹಡಗಿನ ದರಕ್ಕೆ ಹೊರತಾದದ್ದು.

ಪೀತಜ್ವರದ ಲಸಿಕೆಯನ್ನು ಮರೆಯುವಂತಿಲ್ಲ. ಈ ರೋಗದ ಅಪಾಯವಿರುವ ದೇಶಗಳಲ್ಲಿ ಈಕ್ವೆಡಾರ್ ಸೇರಿರುವುದರಿಂದ, ಪ್ರಮಾಣಪತ್ರವಿಲ್ಲದೆ ಮರಳುವವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಪಡೆದ ಹತ್ತು ದಿನಗಳ ಬಳಿಕವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ.

ಹಡಗು ಕಾಯ್ದಿರಿಸುವ ಮುನ್ನ ಮಾರ್ಗಸೂಚಿ, ಮಾರ್ಗದರ್ಶಕರ ಪರವಾನಗಿ, ತಂಡದ ಗಾತ್ರ ಮತ್ತು ತ್ಯಾಜ್ಯ ವಿಲೇವಾರಿಯ ಬಗ್ಗೆ ವಿಚಾರಿಸುವುದು ಲೇಸು. ನಿಯಮ ಸಡಿಲಿಸಿ ಪ್ರಾಣಿಗಳ ಹತ್ತಿರಕ್ಕೆ ಒಯ್ಯುವುದಾಗಿ ಹೇಳುವವರಿಂದ ದೂರವಿರಬೇಕು. ಕಾಲಬುಡದಲ್ಲಿ ಮಲಗಿದ ಕಡಲಸಿಂಹ ಮನುಷ್ಯರನ್ನು ಕಂಡು ಓಡದಿರುವುದು, ಬಂದವರು ಅಂತರ ಕಾಯ್ದುಕೊಂಡಿರುವುದರಿಂದಲೇ.