ಹೊಟ್ಟೆ ಕೊಯ್ಯದೆ ರಕ್ತ ನಿಲ್ಲಿಸಿದ ಬಗೆ: ಜೀರ್ಣಾಂಗದ ಅಪರೂಪದ ರಕ್ತಸ್ರಾವ ಮತ್ತು ಹುಬ್ಬಳ್ಳಿ–ಧಾರವಾಡ

ರಕ್ತವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ವೈದ್ಯರು ಮೊದಲು ಶಂಕಿಸುವುದು ಜಠರದ ಹುಣ್ಣನ್ನು, ಇಲ್ಲವೆ ಯಕೃತ್ತಿನ ರೋಗದಿಂದ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳವನ್ನು. ವಿರಳ ಕಾರಣಗಳು ನೆನಪಿಗೆ ಬರುವುದು ಕೊನೆಗೆ. ಅವುಗಳ ಅಪಾಯ ಇರುವುದೂ ಅಲ್ಲಿಯೇ. ರಕ್ತ ಒಸರುವ ಜಾಗವನ್ನು ತೋರಿಸುವ ಸಾಧನ ಬಂದಂತೆಲ್ಲ ಶಸ್ತ್ರಕ್ರಿಯೆಯ ಅಗತ್ಯ ತಗ್ಗುತ್ತ ಬಂದಿದೆ. ಆದರೆ ಹುಬ್ಬಳ್ಳಿ–ಧಾರವಾಡದಂಥ ಕೇಂದ್ರದಲ್ಲಿ ಆ ಸಾಧನದ ಫಲ, ರೋಗಿ ಎಷ್ಟು ಬೇಗ ಬಂದು ತಲುಪುತ್ತಾನೆ ಎಂಬುದನ್ನೂ ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಕಾರಣಗಳಿಗೆ ಹೆಸರು ಬಂದ ಕಾಲ

1884ರಲ್ಲಿ ಗಲ್ಲಾರ್ ಗುರುತಿಸಿದ್ದ ವಿಕೃತಿಯೊಂದನ್ನು ಪ್ಯಾರಿಸ್ಸಿನ ಜಾರ್ಜ್ ಡ್ಯೂಲಫಾಯ್ 1898ರಲ್ಲಿ ವಿವರವಾಗಿ ಬರೆದರು. ಜಠರದ ಲೋಳೆಪೊರೆಯ ಕೆಳಗೆ ಕವಲೊಡೆಯುತ್ತ ತೆಳ್ಳಗಾಗಬೇಕಾದ ಧಮನಿ 1ರಿಂದ 3 ಮಿ.ಮೀ. ದಪ್ಪವಾಗಿಯೇ ಉಳಿದಿರುತ್ತದೆ. ಮೇಲಿನ ಪೊರೆ ಸವೆದರೆ ರಕ್ತ ಚಿಮ್ಮುತ್ತದೆ. ಸುತ್ತ ಹುಣ್ಣಿಲ್ಲದ ಕಾರಣ, ರಕ್ತ ನಿಂತ ಮೇಲೆ ಜಾಗ ಹುಡುಕುವುದು ಕಷ್ಟ. ಪಿತ್ತನಾಳದ ರಕ್ತಸ್ರಾವಕ್ಕೆ 1948ರಲ್ಲಿ ಹೀಮೋಬಿಲಿಯಾ ಎಂದೂ, ಮೇದೋಜೀರಕ ನಾಳದ ರಕ್ತಸ್ರಾವಕ್ಕೆ 1970ರಲ್ಲಿ ಹೀಮೋಸಕ್ಕಸ್ ಪ್ಯಾಂಕ್ರಿಯಾಟಿಕಸ್ ಎಂದೂ ಹೆಸರಿಟ್ಟವರು ಫಿಲಿಪ್ ಸ್ಯಾಂಡ್‌ಬ್ಲೋಮ್. ಆ ತನಕ ಇಂಥ ಎಷ್ಟೋ ಪ್ರಕರಣಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಅಥವಾ ಮರಣೋತ್ತರ ಪರೀಕ್ಷೆಯಲ್ಲಿ ಮಾತ್ರ ಬಯಲಾಗುತ್ತಿದ್ದವು.

ಒಳಹೊಕ್ಕ ಎರಡು ದಾರಿಗಳು

ಮೊದಲನೆಯದು ಬಾಯಿಯ ದಾರಿ. 1957ರಲ್ಲಿ ಬೇಸಿಲ್ ಹಿರ್ಶೋವಿಟ್ಸ್ ಗಾಜಿನ ಎಳೆಗಳಿಂದಾದ, ಬಾಗುವ ಎಂಡೋಸ್ಕೋಪನ್ನು ವೈದ್ಯರ ಮುಂದಿಟ್ಟರು. ನೋಡಲೆಂದು ಬಂದ ಈ ಕೊಳವೆಯ ಮೂಲಕವೇ ಮುಂದೆ ಅಡ್ರಿನಲಿನ್ ಚುಚ್ಚುಮದ್ದು, ಕ್ಲಿಪ್, ಬ್ಯಾಂಡ್‌ಗಳು ಒಳಹೋದವು. ಡ್ಯೂಲಫಾಯ್ ವಿಕೃತಿಗೆ ಈಗ ಮೊದಲ ಚಿಕಿತ್ಸೆ ಇದೇ.

ಎರಡನೆಯದು ರಕ್ತನಾಳದ ದಾರಿ. ಸೂಜಿ ಚುಚ್ಚಿ, ತಂತಿಯ ಮೇಲೆ ಕ್ಯಾಥೆಟರ್ ತೂರಿಸುವ ವಿಧಾನವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ನಿಮಿಷಕ್ಕೆ ಸುಮಾರು 0.5 ಮಿ.ಲೀ. ರಕ್ತ ಸೋರುತ್ತಿದ್ದರೂ ಆಂಜಿಯೋಗ್ರಾಮ್‌ನಲ್ಲಿ ಅದನ್ನು ಕಾಣಬಹುದೆಂದು 1963ರಲ್ಲಿ ನುಸ್‌ಬಾಮ್ ಮತ್ತು ಬಾಮ್ ತೋರಿಸಿದರು. 1972ರಲ್ಲಿ ರೋಶ್, ಡಾಟರ್ ಮತ್ತು ಬ್ರೌನ್ ರೋಗಿಯದೇ ಹೆಪ್ಪುಗಟ್ಟಿದ ರಕ್ತದಿಂದ ಧಮನಿಯನ್ನು ಮುಚ್ಚಿದ ಪ್ರಕರಣವನ್ನು ವರದಿ ಮಾಡಿದರು. ಆಮೇಲೆ ಲೋಹದ ಕಾಯಿಲ್ ಬಂತು. ದೀರ್ಘಕಾಲದ ಮೇದೋಜೀರಕ ಉರಿಯೂತದಲ್ಲಿ ಗುಲ್ಮದ ಧಮನಿಯ ಗೋಡೆ ಕೊರೆದು ಉಬ್ಬು ಉಂಟಾದರೆ, ಆ ಉಬ್ಬಿನ ಆಚೆಗೂ ಈಚೆಗೂ ಕಾಯಿಲ್ ಇಡುತ್ತಾರೆ. ಒಂದೇ ಬದಿ ಮುಚ್ಚಿದರೆ ಅಕ್ಕಪಕ್ಕದ ಕವಲುಗಳಿಂದ ರಕ್ತ ಹಿಂದಿನಿಂದ ಬಂದು ಮತ್ತೆ ತುಂಬುತ್ತದೆ.

ಈ ಎರಡಕ್ಕೂ ಸುಲಭವಾಗಿ ಸಿಗದಿದ್ದ ಸಣ್ಣ ಕರುಳಿಗೆ 2000ದಲ್ಲಿ ನುಂಗುವ ಕ್ಯಾಮೆರಾ, 2001ರಲ್ಲಿ ಜಪಾನಿನ ಯಮಮೊಟೊ ಅವರ ಎರಡು ಬಲೂನಿನ ಎಂಡೋಸ್ಕೋಪ್ ನೆರವಾದವು.

ಹುಬ್ಬಳ್ಳಿ–ಧಾರವಾಡದ ನೆಲೆ

ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆರಂಭವಾದದ್ದೂ 1957ರಲ್ಲಿಯೇ. ಜನರ ಬಾಯಲ್ಲಿ ಅದು ಇಂದಿಗೂ ಕಿಮ್ಸ್. ಧಾರವಾಡದ ಸತ್ತೂರಿನಲ್ಲಿ 2003ರಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಶುರುವಾಯಿತು. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದ ರೋಗಿಗಳು ಈ ಅವಳಿನಗರಕ್ಕೆ ಬರುತ್ತಾರೆ. ಆಂಜಿಯೋಗ್ರಾಮ್‌ನ ಮಿತಿ ಇಲ್ಲಿ ಮುಖ್ಯವಾಗುತ್ತದೆ: ದಾರಿಯಲ್ಲಿ ರಕ್ತ ತಾತ್ಕಾಲಿಕವಾಗಿ ನಿಂತರೆ, ಬಂದು ತಲುಪಿದಾಗ ಜಾಗ ಕಾಣದೇ ಹೋಗಬಹುದು. ಹಾಗೆಂದು ರೋಗಿಯನ್ನು ಹಾಗೆಯೇ ಓಡಿಸಿಕೊಂಡು ಬರುವಂತಿಲ್ಲ. ಸಲೈನ್, ಬೇಕಾದರೆ ರಕ್ತ ಕೊಟ್ಟು ನಾಡಿ, ರಕ್ತದೊತ್ತಡ ಸ್ಥಿರಗೊಳಿಸುವುದು ತಾಲ್ಲೂಕು ಆಸ್ಪತ್ರೆಯ ಮೊದಲ ಹೊಣೆ. ಜೊತೆಯಲ್ಲಿ ಬರುವ ಚೀಟಿಯಲ್ಲಿ ರಕ್ತ ಮೊದಲು ಕಂಡದ್ದು ಯಾವಾಗ, ಹಿಂದೆಯೂ ಹೀಗಾಗಿತ್ತೇ, ಹೊಟ್ಟೆನೋವು ಅಥವಾ ಕಾಮಾಲೆ ಇತ್ತೇ, ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗಿದೆಯೇ ಎಂಬ ವಿವರಗಳಿದ್ದರೆ ತಜ್ಞರ ಹುಡುಕಾಟ ಸರಿಯಾದ ಕಡೆಯಿಂದ ಶುರುವಾಗುತ್ತದೆ.

ಕೆಲವೇ ರೋಗಿಗಳ ವಿವರವನ್ನು ಶ್ರದ್ಧೆಯಿಂದ ದಾಖಲಿಸಿದ್ದರಿಂದ ಡ್ಯೂಲಫಾಯ್ ಬರಹ ಇಂದಿಗೂ ಉಪಯುಕ್ತ. ಐದಾರು ಜಿಲ್ಲೆಗಳ ರೋಗಿಗಳು ಒಂದೆಡೆ ಸೇರುವ ಇಲ್ಲಿ, ಒಂದು ತಾಲ್ಲೂಕಿಗೆ ವಿರಳವಾದದ್ದು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆ ಕೇಸ್‌ಶೀಟುಗಳನ್ನು ಜತನವಾಗಿ ಕಾಪಾಡಿ, ಒಟ್ಟಿಗಿಟ್ಟು ಓದುವ ವ್ಯವಸ್ಥೆ ಬೇಕು. ಮುಂದಿನ ರೋಗಿಯ ಹೊಟ್ಟೆ ಕೊಯ್ಯದೆ ಉಳಿಸುವ ತಿಳಿವಳಿಕೆ ಅವುಗಳಿಂದಲೇ ಬೆಳೆಯಬೇಕು.