ನಿರೀಶ್ವರವಾದ (ಭಾರತೀಯ ದರ್ಶನಗಳಲ್ಲಿ)

ಜಗತ್ತನ್ನು ಸೃಷ್ಟಿಸಿ ಆಳುವ ಈಶ್ವರನನ್ನು ಒಪ್ಪದೆ, ಅಥವಾ ಅವನ ಹಂಗಿಲ್ಲದೆ, ಲೋಕವನ್ನೂ ಧರ್ಮಾಧರ್ಮಗಳನ್ನೂ ವಿವರಿಸುವ ಚಿಂತನಾಕ್ರಮ. ಇದನ್ನು ನಾಸ್ತಿಕವಾದದೊಂದಿಗೆ ಒಂದೇ ಎಂದು ಎಣಿಸುವುದು ಇತ್ತೀಚಿನ ರೂಢಿ. ಪಾಣಿನಿಯ ವ್ಯಾಖ್ಯಾನಕಾರರ ಲೆಕ್ಕದಲ್ಲಿ ಪರಲೋಕವಿಲ್ಲ ಎನ್ನುವವನು ನಾಸ್ತಿಕ. ಮನುಸ್ಮೃತಿಯ ಲೆಕ್ಕದಲ್ಲಿ ವೇದನಿಂದಕ. ದೇವರಿದ್ದಾನೆಯೇ ಎಂದು ಇಬ್ಬರೂ ಕೇಳಲಿಲ್ಲ.

ಹೀಗಾಗಿ ಪೂರ್ವಮೀಮಾಂಸೆಯಂಥ ಕಟ್ಟಾ ವೈದಿಕ ದರ್ಶನಕ್ಕೆ ಆಸ್ತಿಕವಾಗಿದ್ದುಕೊಂಡೇ ಸೃಷ್ಟಿಕರ್ತನನ್ನು ಕೈಬಿಡಲು ಸಾಧ್ಯವಾಯಿತು. ಅದರ ಪ್ರಕಾರ ವೇದಕ್ಕೆ ಕರ್ತೃವಿಲ್ಲ. ಯಾಗ ಮಾಡಿದವನಿಗೆ ಫಲ ತಲುಪಿಸುವುದು ಯಾಗದಿಂದಲೇ ಹುಟ್ಟುವ ‘ಅಪೂರ್ವ’ವೆಂಬ ಶಕ್ತಿ, ಯಾವ ದೇವರ ಕೃಪೆಯೂ ಅಲ್ಲ. 7ನೆಯ ಶತಮಾನದ ಕುಮಾರಿಲ ಭಟ್ಟ ಶ್ಲೋಕವಾರ್ತಿಕದಲ್ಲಿ ಸೃಷ್ಟಿವಾದಿಗಳನ್ನು ಬಿಡದೆ ಕಾಡುತ್ತಾನೆ: ಶರೀರವಿಲ್ಲದವನಿಗೆ ಸೃಷ್ಟಿಸುವ ಇಚ್ಛೆ ಎಲ್ಲಿಂದ? ಶರೀರವಿದ್ದರೆ ಅದನ್ನು ಮಾಡಿದವರು ಯಾರು? ಕರುಣೆಯಿಂದ ಸೃಷ್ಟಿಸಿದನೆಂದರೆ, ಕರುಣೆ ತೋರಲು ಆಗ ಜೀವಿಗಳೇ ಇರಲಿಲ್ಲವಲ್ಲ! ಈಶ್ವರಕೃಷ್ಣನ ಸಾಂಖ್ಯಕಾರಿಕೆಯೂ ಪ್ರಕೃತಿ, ಪುರುಷರಿಂದಲೇ ಜಗತ್ತನ್ನು ವಿವರಿಸಿ ಮುಗಿಸುತ್ತದೆ.

ಜೈನರ ಸ್ಥಿತಿ ಇದಕ್ಕೆ ತದ್ವಿರುದ್ಧ. ವೇದಪ್ರಾಮಾಣ್ಯವನ್ನು ಒಪ್ಪದ ಕಾರಣ ವೈದಿಕರು ಅವರನ್ನು ನಾಸ್ತಿಕರ ಸಾಲಿಗೆ ಸೇರಿಸಿದರು. ಆದರೆ ಜೈನ ಆಚಾರ್ಯ ಹರಿಭದ್ರ ಷಡ್ದರ್ಶನಸಮುಚ್ಚಯದಲ್ಲಿ ಬೌದ್ಧ, ಜೈನ, ಮೀಮಾಂಸಕರನ್ನೆಲ್ಲ ಆಸ್ತಿಕರೆಂದು ಒಟ್ಟಿಗೆ ಎಣಿಸಿ, ಲೋಕಾಯತರನ್ನು (ಚಾರ್ವಾಕರನ್ನು) ಮಾತ್ರ ಹೊರಗಿಟ್ಟ. ಕನ್ನಡ ನಾಡಿನಲ್ಲಿ ಜೈನರ ನಿರೀಶ್ವರವಾದ ರಾಷ್ಟ್ರಕೂಟರ ಕಾಲದಲ್ಲಿ ಗಟ್ಟಿಯಾಗಿ ಕೇಳಿಸಿತು. ಅಮೋಘವರ್ಷ ನೃಪತುಂಗನ ಗುರು ಜಿನಸೇನ, 9ನೆಯ ಶತಮಾನದ ತನ್ನ ಸಂಸ್ಕೃತ ಮಹಾಪುರಾಣದ ಆರಂಭದ ಭಾಗದಲ್ಲೇ, ಸೃಷ್ಟಿಗೆ ಮೊದಲು ಆ ಕರ್ತಾರ ಎಲ್ಲಿ ನಿಂತಿದ್ದ, ಯಾವ ಸಾಮಗ್ರಿಯಿಂದ ಕೆಲಸಕ್ಕೆ ತೊಡಗಿದ, ಕೃತಾರ್ಥನಾದವನಿಗೆ ಸೃಷ್ಟಿಸುವ ಬಯಕೆ ಏಕೆ ಎಂದು ಪ್ರಶ್ನಿಸಿ, ಲೋಕ ಅನಾದಿ ಎಂದು ಸಾಧಿಸುತ್ತಾನೆ. ಪುರಾಣ ಹೇಳಲು ಕುಳಿತವನು ಸೃಷ್ಟಿಯ ಕಥೆಯನ್ನೇ ತಳ್ಳಿಹಾಕಿದ ಈ ಪ್ರಸಂಗ ಭಾರತೀಯ ಸಾಹಿತ್ಯದಲ್ಲೇ ಅಪರೂಪದ್ದು.

ದೇವರಿಲ್ಲದಿದ್ದರೆ ನೀತಿಗೆ ಆಧಾರವೇನು? ಜೈನರ ಉತ್ತರ ಕರ್ಮ. ಅವರಿಗದು ಸೂಕ್ಷ್ಮ ದ್ರವ್ಯ. ರಾಗದ್ವೇಷಗಳಿಂದ ಜೀವಕ್ಕೆ ಅಂಟುತ್ತದೆ, ತಪಸ್ಸಿನಿಂದ ಉದುರುತ್ತದೆ. ನಡುವೆ ನ್ಯಾಯಾಧೀಶನಿಲ್ಲ. ಬಸದಿ, ಪೂಜೆ, ಅಭಿಷೇಕ ಇದ್ದ ಮಾತ್ರಕ್ಕೆ ಒಂದು ಮತವನ್ನು ಸೇಶ್ವರವೆನ್ನಲಾಗದು: ಶ್ರವಣಬೆಳಗೊಳದ ಗೊಮ್ಮಟನಿಗೆ ಹಾಲು ಎರೆಯುವವರು ನಮಿಸುವುದು ಬಂಧ ಕಳಚಿಕೊಂಡ ಸಾಧಕನಿಗೆ, ಜಗತ್ಕರ್ತನಿಗಲ್ಲ.

ಪರಲೋಕ, ವೇದ, ಈಶ್ವರ ಮೂರನ್ನೂ ನಿರಾಕರಿಸಿದವರು ಚಾರ್ವಾಕರು. ಅವರ ವಿಚಾರಗಳು ಬಹುಮಟ್ಟಿಗೆ ಎದುರಾಳಿಗಳ ಗ್ರಂಥಗಳಿಂದಲೇ ತಿಳಿಯಬೇಕಾಗಿದೆ. 14ನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯ ರಚಿಸಿದ ಸರ್ವದರ್ಶನಸಂಗ್ರಹ ಆರಂಭವಾಗುವುದು ಚಾರ್ವಾಕದಿಂದ. ಅವರನ್ನು ಬರೀ ಭೋಗಲಾಲಸರೆಂದು ಚಿತ್ರಿಸುವ ಆ ಬಗೆಯ ವರ್ಣನೆಯನ್ನು ಪೂರ್ತಿ ನಂಬುವಂತಿಲ್ಲ.

20ನೆಯ ಶತಮಾನದಲ್ಲಿ ಚರ್ಚೆ ಸಮಾಜಸುಧಾರಣೆಯತ್ತ ಹೊರಳಿತು. ಆಂಧ್ರದ ಗೋರಾ 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದು ಅಸ್ಪೃಶ್ಯತೆಯ ವಿರುದ್ಧ ದುಡಿದರು. ಕನ್ನಡದಲ್ಲಿ ಎ. ಎನ್. ಮೂರ್ತಿರಾಯರು ‘ದೇವರು’ ಕೃತಿಯಲ್ಲಿ ಸರ್ವಶಕ್ತನೂ ದಯಾಮಯನೂ ಆದ ದೇವರ ಕಲ್ಪನೆಯನ್ನು ಪರೀಕ್ಷಿಸಿ ಒಪ್ಪಲಾರೆನೆಂದರು. ಆ ಕೃತಿಗೆ ಪಂಪ ಪ್ರಶಸ್ತಿ ಬಂದಿತು.